ಅಪ್ಪನ ಕತ್ತಿನ ಪಂಚಾಯ್ತಿ

ಫೆಬ್ರುವರಿ 3, ಸೋಮವಾರ

ಬರೆಯದೆ ಇದ್ದರೆ ಯಾರಿಗಾದರೂ ಎರಡು ಬಾರಿಸಿಬಿಡುತ್ತೇನೆ ಅನ್ನಿಸಿ ಈ ಡೈರಿ ಹಿಡಿದಿದ್ದೇನೆ. ಹೊಸ ವರ್ಷಕ್ಕೆ ನಾಗರಬಾವಿಯ ನಮ್ಮ ಕಾಲೇಜಿನ ಆಫೀಸಿನಲ್ಲಿ ಗುಮಾಸ್ತರಿಗೆಲ್ಲ ಒಂದೊಂದು ಕೊಟ್ಟಿದ್ದರು. ಜನವರಿ ಪೂರ್ತಿ ಖಾಲಿ. ಆಗ ನನಗೆ ಬರೆಯುವಷ್ಟು ಸಿಟ್ಟು ಇರಲಿಲ್ಲ.

ನಿನ್ನೆ ಸಂಜೆ ಮಲ್ಲತ್ತಹಳ್ಳಿಯ ನಾಟಕದ ತಾಲೀಮಿನಲ್ಲಿ ಅಪ್ಪನ ಬಲಗೈ ಹಾರ್ಮೋನಿಯಂ ಮೇಲಿಂದ ಜಾರಿ ತೊಡೆಯ ಮೇಲೆ ಬಿತ್ತಂತೆ. ಎತ್ತಲು ನೋಡಿದರೆ ಬರಲಿಲ್ಲವಂತೆ. ‘ಏನಾಯ್ತು ಮೇಷ್ಟ್ರೇ’ ಅಂತ ಕೇಳಿದರೆ ಬಾಯಿಂದ ಹೊರಟಿದ್ದು ಕನ್ನಡವೂ ಅಲ್ಲ, ಇನ್ನೊಂದೂ ಅಲ್ಲ. ಸ್ವಲ್ಪ ಹೊತ್ತು ಹಾಗೇ ಇದ್ದು, ಆಮೇಲೆ ಕೈಯೂ ಬಂತು, ಮಾತೂ ಬಂತು. ಬಂದ ಕೂಡಲೇ ಅಪ್ಪ ಏನು ಮಾಡಿದರು? ಕಾಫಿ ಕುಡಿದು ತಾಲೀಮು ಮುಂದುವರಿಸಿದರು! ಅಲ್ಲಿದ್ದ ಅಷ್ಟೂ ಜನ ಗಂಡಸರು ಏನು ಮಾಡಿದರು? ಸಾಲಾಗಿ ನಿಂತು ಹಾಡಿದರು! ನಾಟಕ ಆಡಿಸುತ್ತಿರುವ ಮುನಿವೆಂಕಟಪ್ಪ ಅನ್ನುವ ಮಹಾನುಭಾವ, ‘ಗಾಳಿ ಹೊಡ್ದಿರ್ಬೇಕು, ಫ್ಯಾನ್ ಆಫ್ ಮಾಡ್ರೋ’ ಅಂದನಂತೆ.

ಇದನ್ನೆಲ್ಲ ಅಮ್ಮ ನನಗೆ ಹೇಳಿದ್ದು ಇವತ್ತು ಬೆಳಿಗ್ಗೆ, ದೋಸೆ ಹುಯ್ಯುತ್ತಾ. ಹಾಲು ಒಡೆದುಹೋಯಿತು ಅಂತ ಹೇಳಿದ ಹಾಗೆ. ರಜೆ ಹಾಕಿ, ಅಪ್ಪನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ರಾಜಾಜಿನಗರದ ದೊಡ್ಡ ಆಸ್ಪತ್ರೆಗೆ ಹೋದೆ. ತಲೆಯ ಸ್ಕ್ಯಾನ್ ಮಾಡಿದರು. ಮೆದುಳಿಗೆ ಏನೂ ಆಗಿಲ್ಲ, ಆದರೆ ಇದು ದೊಡ್ಡ ಸ್ಟ್ರೋಕಿನ ಮುನ್ಸೂಚನೆ, ಕತ್ತಿನ ರಕ್ತನಾಳ ನೋಡಬೇಕು ಅಂದರು. ದಾರಿಯುದ್ದಕ್ಕೂ ಅಪ್ಪನದು ಒಂದೇ ಮಾತು: ‘ಬುಧವಾರ ತಾಲೀಮಿದೆ ಕಣಮ್ಮ.’

ಎಪ್ಪತ್ತನಾಲ್ಕು ವರ್ಷ ಅವರಿಗೆ. ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿ ರಿಟೈರ್ ಆದ ಮನುಷ್ಯ ನೆಮ್ಮದಿಯಾಗಿ ಮನೆಯಲ್ಲಿರಬೇಕೋ ಬೇಡವೋ? ಇಲ್ಲ, ಊರೂರಿನ ಗಂಡಸರಿಗೆ ಪೌರಾಣಿಕ ನಾಟಕದ ಪದ್ಯ ಹೇಳಿಕೊಡಬೇಕು. ನಾನು ಚಿಕ್ಕವಳಿದ್ದಾಗ ಒಂದು ಹಬ್ಬದಲ್ಲೂ ಅಪ್ಪ ಮನೆಯಲ್ಲಿ ಉಂಡಿದ್ದು ನೆನಪಿಲ್ಲ. ಹಬ್ಬಗಳನ್ನೆಲ್ಲ ತಿಂದು ಮುಗಿಸಿದ ಆ ಹಾಳು ನಾಟಕ ಈಗ ಅಪ್ಪನನ್ನೇ ತಿನ್ನಲು ಕೂತಿದೆ.

ಫೆಬ್ರುವರಿ 5, ಬುಧವಾರ

ಕತ್ತಿನ ಸ್ಕ್ಯಾನ್ ಆಯಿತು. ಮೆದುಳಿಗೆ ರಕ್ತ ಒಯ್ಯುವ ಎಡಗಡೆಯ ನಾಳ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಕಟ್ಟಿಕೊಂಡಿದೆ. ಅಲ್ಲಿಂದ ಒಂದು ಚೂರು ಕಳಚಿ ಮೇಲಕ್ಕೆ ಹೋಗಿದ್ದಕ್ಕೇ ಭಾನುವಾರ ಕೈ ಬಿದ್ದು ಮಾತು ತೊದಲಿದ್ದು. ತಾನಾಗಿ ಕರಗಿದ್ದು ನಮ್ಮ ಪುಣ್ಯ. ಇನ್ನೊಂದು ಚೂರು ಹೋದರೆ ಹೀಗೇ ಕರಗುತ್ತದೆ ಅಂತ ಯಾರೂ ಬರೆದುಕೊಡುವುದಿಲ್ಲ.

ಡಾಕ್ಟರ್ ಮೋಹನ್ ಕುಮಾರ್ ಅಂತ. ಒಳ್ಳೆಯ ಶರ್ಟು, ಒಳ್ಳೆಯ ನಗು.

‘ಸ್ಟೆಂಟ್ ಹಾಕ್ಬಿಡೋಣ ಮೇಡಂ. ತೊಡೆ ಹತ್ರ ಒಂದು ಸಣ್ಣ ತೂತು ಅಷ್ಟೇ. ತಂತೀಲಿ ಮೇಲಕ್ಕೆ ಹೋಗಿ, ನಾಳ ಅಗಲ ಮಾಡಿ, ಒಂದು ಜಾಲರಿ ಕೂರಿಸ್ತೀವಿ. ಕತ್ತಿಗೆ ಬ್ಲೇಡ್ ಮುಟ್ಸೋದೇ ಇಲ್ಲ.’

ಅಮ್ಮ ಮಧ್ಯೆ ಬಾಯಿ ಹಾಕಿದಳು. ‘ಬಿದ್ದಿದ್ದು ಬಲಗೈ ಅಲ್ವಾ ಸಾರ್? ನೀವು ಎಡಗತ್ತಿಗೆ ಯಾಕೆ ಮಾಡ್ತೀರಿ?’

ಅವರು ನಕ್ಕರು. ಬಲಗೈಯನ್ನು ಆಡಿಸುವುದು ಎಡಗಡೆಯ ಮೆದುಳು ಅಂತ ಒಂದು ಮಾತು ಹೇಳಿದ್ದರೆ ಏನು ಗಂಟು ಹೋಗುತ್ತಿತ್ತು? ಮೊಬೈಲಿನಲ್ಲಿ ಓದಿ ಆಮೇಲೆ ನಾನೇ ಹೇಳಿದೆ. ಅಮ್ಮನಿಗೆ ಈಗಲೂ ಅನುಮಾನ, ಯಾರದೋ ಸ್ಕ್ಯಾನ್ ಅದಲುಬದಲಾಗಿದೆ ಅಂತ.

‘ಬೇರೆ ದಾರಿ ಏನೂ ಇಲ್ವಾ ಸಾರ್?’ ಅಂತ ನಾನು ಕೇಳಿದೆ.

‘ಇದೆ. ಕತ್ತು ಓಪನ್ ಮಾಡಿ ನಾಳ ಕ್ಲೀನ್ ಮಾಡೋ ಸರ್ಜರಿ. ಈ ವಯಸ್ಸಿಗೆ ಅದೆಲ್ಲ ಯಾಕೆ?’

‘ಎರಡರಲ್ಲಿ ಯಾವುದು ಸೇಫ್?’

‘ಎಲ್ಲದ್ರಲ್ಲೂ ಸ್ವಲ್ಪ ರಿಸ್ಕ್ ಇದ್ದೇ ಇರುತ್ತೆ ಮೇಡಂ.’

ಇದು ಉತ್ತರವಾ? ಕುಕ್ಕರ್ ಕೊಳ್ಳಲು ಹೋದರೂ ಅಂಗಡಿಯವನು ಎರಡನ್ನು ಮುಂದಿಟ್ಟು, ಇದು ಹೀಗಮ್ಮ, ಅದು ಹಾಗಮ್ಮ ಅಂತ ವಿವರಿಸುತ್ತಾನೆ. ಇದು ಅಪ್ಪನ ಕತ್ತು! ಮೈಯೆಲ್ಲ ಉರಿದುಹೋಯಿತು.

ಫೆಬ್ರುವರಿ 6, ಗುರುವಾರ

ಕೆಂಗೇರಿಯಿಂದ ತಮ್ಮ ಆನಂದ ಬಂದಿದ್ದ. ಟೈಲ್ಸ್ ಅಂಗಡಿಯ ಕೆಲಸ ಬಿಟ್ಟು ಬಂದದ್ದನ್ನು ಬಂದವರಿಗೆಲ್ಲ ಹೇಳಿದ. ಅವನ ತೀರ್ಮಾನ ಮೊದಲೇ ಆಗಿತ್ತು.

‘ಸ್ಟೆಂಟೇ ಅಕ್ಕ. ಎರಡು ದಿನಕ್ಕೆ ಮನೆಗೆ ಬರ್ತಾರೆ. ಈ ವಯಸ್ಸಲ್ಲಿ ಅಪ್ಪನ ಕತ್ತು ಕುಯ್ಸೋಕೆ ಆಗುತ್ತೇನೇ?’

‘ನಂಗೂ ಕುಯ್ಸೋಕೆ ಇಷ್ಟ ಇಲ್ಲ ಕಣೋ. ಯಾವುದು ಸೇಫ್ ಅಂತ ಯಾರಾದ್ರೂ ಬಾಯಿ ಬಿಟ್ಟು ಹೇಳಲಿ ಅಂತಿದೀನಿ.’

‘ಬ್ಲೇಡ್ ಇಲ್ಲ ಅಂದ್ಮೇಲೆ ಅದೇ ಸೇಫು. ಅಷ್ಟೂ ಗೊತ್ತಾಗಲ್ವಾ?’

ಸಂಜೆಯವರೆಗೂ ಫೋನು. ಒಬ್ಬರ ಭಾವನಿಗೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ, ದಿನಾ ವಾಕಿಂಗ್ ಹೋಗುತ್ತಾನೆ. ಇನ್ನೊಬ್ಬರ ಮನೆ ಓನರ್ ಆಪರೇಷನ್ ಟೇಬಲ್ ಮೇಲೇ ಹೋದರು, ಅದು ಯಾವ ಆಪರೇಷನ್ ಅಂತ ಗೊತ್ತಿಲ್ಲ. ಎಲ್ಲರೂ ಅಪ್ಪನ ಕತ್ತಿನ ಮೇಲೆ ಪಂಚಾಯ್ತಿ ಕೂತಿದ್ದಾರೆ. ಅಪ್ಪ ಮಾತ್ರ ಬಾಲ್ಕನಿಯಲ್ಲಿ ಕೂತು ಬಲಗೈಯ ಬೆರಳುಗಳನ್ನು ತೊಡೆಯ ಮೇಲೆ ಆಡಿಸುತ್ತಿದ್ದರು. ಅವರಿಗೆ ಏನೂ ಅರ್ಥವಾಗುತ್ತಿಲ್ಲ, ನಾನೇ ತೀರ್ಮಾನ ಮಾಡಬೇಕು.

ಫೆಬ್ರುವರಿ 8, ಶನಿವಾರ

ವಿಜಯನಗರದ ಇನ್ನೊಂದು ಆಸ್ಪತ್ರೆಯಲ್ಲಿ ರಕ್ತನಾಳದ ಸರ್ಜನ್ ಒಬ್ಬರಿದ್ದಾರೆ ಅಂತ ಆಫೀಸಿನಲ್ಲಿ ಯಾರೋ ಹೇಳಿದರು. ಡಾಕ್ಟರ್ ವಿಜಯಶ್ರೀ. ಬೇಡ ಬೇಡ ಅನ್ನುತ್ತಲೇ ಆನಂದನೂ ಬಂದ.

ನಾನು ಅದೇ ಪ್ರಶ್ನೆ ಕೇಳಿದೆ. ಆಯಮ್ಮ ಗಡಿಯಾರ ನೋಡಲಿಲ್ಲ.

‘ಮೊದಲ ಒಂದು ತಿಂಗಳು ದಾಟಿದ್ರೆ ಎರಡೂ ಒಂದೇ, ಸ್ಟ್ರೋಕ್ ಬರದ ಹಾಗೆ ಹೆಚ್ಚುಕಮ್ಮಿ ಅಷ್ಟೇ ಕಾಪಾಡುತ್ವೆ. ವ್ಯತ್ಯಾಸ ಇರೋದು ಮಾಡೋ ಹೊತ್ತಲ್ಲಿ. ವಯಸ್ಸಾದವರ ನಾಳ ಅಂಕುಡೊಂಕು, ಒಳಗೆಲ್ಲ ಸುಣ್ಣ ಕಟ್ಟಿರುತ್ತೆ. ತಂತಿ ಹಾದುಹೋಗುವಾಗ ಒಂದು ಚೂರು ಎದ್ದು ಮೆದುಳಿಗೆ ಹೋಗಬಹುದು. ಎಪ್ಪತ್ತು ದಾಟಿದವರನ್ನ ಹೋಲಿಸಿ ನೋಡಿದಾಗ, ಸ್ಟೆಂಟ್ ಹಾಕಿದವರಲ್ಲಿ ಸ್ಟ್ರೋಕು, ಸಾವು ಸರ್ಜರಿಗಿಂತ ಸುಮಾರು ಎರಡರಷ್ಟು. ಅದಕ್ಕಿಂತ ಚಿಕ್ಕವರಲ್ಲಿ ಅಷ್ಟು ವ್ಯತ್ಯಾಸ ಇಲ್ಲ.’

ನಾವೆಲ್ಲ ವಯಸ್ಸಾಗಿದೆ, ಪಾಪ, ಮೆತ್ತಗಿನದನ್ನೇ ಮಾಡಿಸೋಣ ಅಂದುಕೊಂಡಿದ್ದೆವು. ವಯಸ್ಸಾಗಿರುವುದಕ್ಕೇ ಅದು ಮೆತ್ತಗಲ್ಲ!

‘ಹಾಗಾದ್ರೆ ಸರ್ಜರೀಲಿ ಏನೂ ಆಗಲ್ವಾ?’ ಅಂತ ಆನಂದ ಕೊಂಕು ತೆಗೆದ.

‘ಆಗುತ್ತೆ. ಹೃದಯಾಘಾತದ ಅಪಾಯ ಇದರಲ್ಲಿ ಸ್ವಲ್ಪ ಜಾಸ್ತಿ, ಅದಕ್ಕೇ ಮೊದಲು ಹೃದಯ ಚೆಕ್ ಮಾಡ್ತೀವಿ. ಇನ್ನೊಂದು, ಅದೇ ಜಾಗದಲ್ಲಿ ನಾಲಿಗೆ, ತುಟಿ, ಧ್ವನಿಯ ನರಗಳು ಹಾದುಹೋಗ್ತವೆ. ಅವಕ್ಕೆ ಪೆಟ್ಟಾದ್ರೆ ಧ್ವನಿ ಒಡೆದುಹೋಗಬಹುದು. ಮುಕ್ಕಾಲುವಾಸಿ ಜನಕ್ಕೆ ವಾಪಸ್ ಬರುತ್ತೆ. ಕೆಲವರಿಗೆ ಬರಲ್ಲ.’

‘ನಿಮ್ಮ ಕೈಯಲ್ಲಿ ಎಷ್ಟು ಜನಕ್ಕೆ ಹಾಗಾಗಿದೆ?’ ಕೇಳಿಯೇಬಿಟ್ಟೆ. ಆನಂದ ಮೇಜಿನ ಕೆಳಗೆ ನನ್ನ ಕಾಲು ತುಳಿದ. ಡಾಕ್ಟರನ್ನು ಹೀಗೆಲ್ಲ ಕೇಳುತ್ತಾರಾ ಅಂತ ಅವನ ಮುಖ ಕೆಂಪಾಗಿತ್ತು. ಆಯಮ್ಮ ಮಾತ್ರ ಸಿಟ್ಟಾಗಲಿಲ್ಲ. ಹೋದ ವರ್ಷ ಒಬ್ಬರಿಗೆ ಸ್ಟ್ರೋಕ್ ಆಯಿತು, ಒಬ್ಬರ ಧ್ವನಿ ಹೋಗಿ ಎರಡು ತಿಂಗಳಿಗೆ ಬಂತು ಅಂದರು. ಮಾಡಿಸುವುದಾದರೆ ತಡ ಮಾಡಬೇಡಿ, ಮೊದಲ ಎರಡು ವಾರದಲ್ಲೇ ಇನ್ನೊಂದು ಸ್ಟ್ರೋಕ್ ಬರುವ ಸಂಭವ ಹೆಚ್ಚು ಅಂತಲೂ ಅಂದರು. ಒಂದು ವಾರ ಆಗಲೇ ಮುಗಿದಿದೆ.

ವಾಪಸ್ಸು ಬರುವಾಗ ರಾಜಾಜಿನಗರಕ್ಕೆ ಸ್ಕೂಟರ್ ತಿರುಗಿಸಿ ಮೋಹನ್ ಕುಮಾರರನ್ನು ಹಿಡಿದೆ. ‘ಇದನ್ನೆಲ್ಲ ನೀವು ಯಾಕೆ ಹೇಳ್ಲಿಲ್ಲ ಸಾರ್?’ ಅಂದೆ. ಕಾರಿಡಾರಿನಲ್ಲಿ ನಿಂತೇ, ‘ನಮ್ಮಲ್ಲಿ ಆ ಸರ್ಜರಿ ಮಾಡೋರು ಯಾರೂ ಇಲ್ಲ ಮೇಡಂ’ ಅಂದರು. ಅಷ್ಟೇ! ಅವರ ಹತ್ತಿರ ಇಲ್ಲ, ಅದಕ್ಕೇ ಅಪ್ಪನಿಗೂ ಬೇಡ. ದೋಸೆ ಇಲ್ಲ ಅನ್ನಲು ನಾಚಿಕೆಯಾಗಿ, ನಿಮಗೆ ಇಡ್ಲಿಯೇ ಒಳ್ಳೆಯದು ಅಂದ ಹಾಗಾಯಿತು. ಇನ್ನೂ ಏನೇನೋ ಅಂದುಬಿಟ್ಟೆ. ಸೆಕ್ಯುರಿಟಿಯವನು ಹತ್ತಿರ ಬಂದ.

ಫೆಬ್ರುವರಿ 9, ಭಾನುವಾರ

ಎಲ್ಲ ತೀರ್ಮಾನ ಮಾಡಿ, ಬೆಳಿಗ್ಗೆ ಅಪ್ಪನಿಗೆ ಹೇಳಿದೆ. ಸರ್ಜರಿ, ಈ ವಾರವೇ.

‘ಯುಗಾದಿ ಆಗ್ಲಿ’ ಅಂದರು.

‘ಯುಗಾದಿಗೆ ಇನ್ನೂ ಒಂದೂವರೆ ತಿಂಗಳಿದೆ ಅಪ್ಪ!’

‘ನಾಟಕ ಇರೋದು ಅವತ್ತೇ. ವೀಳ್ಯ ತಗೊಂಡಿದೀನಿ ಕಣೇ ಮಿತ್ರಾ.’

ಮೇಷ್ಟ್ರು ವೀಳ್ಯ ಹಿಡಿದರೆ ನಾಟಕ ಮುಗಿಯುವ ತನಕ ಬಿಡುವಂತಿಲ್ಲ. ಬೌದ್ಧರ ಹೆಸರು ಹುಡುಕಿ ನನಗೆ ಸಂಘಮಿತ್ರಾ ಅಂತ ಇಟ್ಟ ಮನುಷ್ಯ, ಶಾಸ್ತ್ರ ಸಂಪ್ರದಾಯಗಳನ್ನೆಲ್ಲ ಬೈಯುವ ಮನುಷ್ಯ, ಎರಡು ವೀಳ್ಯದೆಲೆಗೆ ಪ್ರಾಣ ಕೊಡಲು ಕೂತಿದ್ದಾರೆ. ಬಾಯಿಗೆ ಬಂದ ಹಾಗೆ ಬೈದೆ. ಆಗ ಹೇಳಿದರು, ಮೆಲ್ಲಗೆ.

‘ನಮ್ಮಪ್ಪ ಮುನಿವೆಂಕಟಪ್ಪನ ಹೊಲದಲ್ಲಿ ದುಡೀತಿದ್ದ. ಕೆಲಸ ಮುಗಿದ್ಮೇಲೆ ಅವರಪ್ಪ ಎಲೆಅಡಿಕೆ ಕೊಡೋನು. ಹೆಂಗೆ ಕೊಡೋನು ಗೊತ್ತಾ? ಮೇಲಿಂದ ಬಿಡೋನು, ಕೈಗೆ ಕೈ ತಾಕ್ಬಾರ್ದು ಅಂತ. ನಮ್ಮಪ್ಪ ಬೊಗಸೆ ಒಡ್ಡಿ ಹಿಡೀತಿದ್ದ. ಇವನು ಅದೇ ಮನೇಲಿ ನನ್ನ ಚೇರ್ ಮೇಲೆ ಕೂರಿಸಿ, ತಟ್ಟೇಲಿಟ್ಟು, ಎರಡೂ ಕೈಯಲ್ಲಿ ಕೊಟ್ಟಿದಾನೆ. ಅದನ್ನ ಹೆಂಗಮ್ಮ ವಾಪಸ್ ಕೊಡ್ಲಿ?’

ನನಗೆ ಇನ್ನೂ ಸಿಟ್ಟು ಬಂತು. ಆ ಮುದುಕ ಸತ್ತು ಎಷ್ಟೋ ವರ್ಷವಾಯಿತು, ಅವನ ಮೇಲೆ. ಬೊಗಸೆ ಒಡ್ಡಿದ ನಮ್ಮ ತಾತನ ಮೇಲೆ. ಎಲ್ಲರ ಮೇಲೆ.

ಫೆಬ್ರುವರಿ 10, ಸೋಮವಾರ

ಅಪ್ಪನ ಜೊತೆ ಮಾತು ಬಿಟ್ಟಿದ್ದೇನೆ. ಸ್ನಾನಕ್ಕೆ ಹೋದವರು ಎರಡು ನಿಮಿಷ ತಡವಾದರೆ ಬಾಗಿಲು ಬಡಿದೆ. ‘ಬದುಕಿದೀನಿ ಕಣೇ’ ಅಂತ ಒಳಗಿಂದ ಕೂಗಿದರು.

ಫೆಬ್ರುವರಿ 11, ಮಂಗಳವಾರ

ಆಫೀಸಿನಿಂದ ನೇರವಾಗಿ ಮಲ್ಲತ್ತಹಳ್ಳಿಗೆ ಹೋದೆ. ಮುನಿವೆಂಕಟಪ್ಪನದು ನಾಲ್ಕಂತಸ್ತಿನ ಬಿಲ್ಡಿಂಗು, ಮೇಲೆಲ್ಲ ಬಾಡಿಗೆಗೆ ಹುಡುಗರು, ಕೆಳಗೆ ಖಾಲಿ ಗೋಡೌನಿನಲ್ಲಿ ತಾಲೀಮು. ನಾಟಕದಲ್ಲಿ ಅವನೇ ರಾಜ. ಬನಿಯನ್ನಿನಲ್ಲಿ ಕೂತು ಪದ್ಯ ಬಾಯಿಪಾಠ ಮಾಡುತ್ತಿದ್ದ.

‘ನಿಮ್ಮ ವೀಳ್ಯ ವಾಪಸ್ ತಗೊಳ್ಳಿ ಗೌಡ್ರೇ. ಅಪ್ಪನ ಪ್ರಾಣ ಹೋಗುತ್ತೆ’ ಅಂದೆ, ನಿಂತುಕೊಂಡೇ. ಕತ್ತಿನ ವಿಷಯವನ್ನೆಲ್ಲ ಹೇಳಿದೆ.

ಅವನು ಗಾಬರಿಯಾದ. ನಿಜವಾಗಿಯೂ ಗಾಬರಿಯಾದ, ಅದನ್ನು ಒಪ್ಪಿಕೊಳ್ಳಬೇಕು. ಆದರೆ ಕೇಳಿ ಅವನ ಉತ್ತರ!

‘ಮೇಷ್ಟ್ರಿಗೆ ಕೊಟ್ಟ ವೀಳ್ಯ ಈಸ್ಕೊಂಡ್ರೆ ಅವರು ಇಲ್ಲ ಅಂದಂಗೆ ತಾಯಿ. ಬದುಕಿರೋ ಮನುಷ್ಯಂಗೆ ಅಂಥಾ ಅವಮಾನ ನಾನು ಮಾಡಾಕಿಲ್ಲ.’

‘ಅವಮಾನ ಆಗ್ಬಾರ್ದು ಅಂತ ಸಾಯಿಸ್ತೀರಾ?’

ತಲೆ ಕೆರೆದುಕೊಂಡ. ‘ಒಂದಯ್ತೆ. ಮೇಷ್ಟ್ರ ಹೆಸರಲ್ಲಿ ಮನೆಯವರು ಯಾರಾದ್ರೂ ವೀಳ್ಯ ಹಿಡ್ಕೊಂಡು ತಾಲೀಮು ನಡೆಸಿದ್ರೆ ಆಯ್ತದೆ. ಆನಂದಪ್ಪಂಗೆ ಶ್ರುತಿ ಯಾವುದು ಲಾರಿ ಹಾರನ್ ಯಾವುದು ಗೊತ್ತಾಗಲ್ಲ. ನಿಂಗೆ ಬರ್ತದಲ್ಲ? ಲಂಗ ಹಾಕ್ಕೊಂಡು ಪೆಟ್ಟಿಗೆ ಬಾರಿಸ್ತಿದ್ದೆ, ನಾನು ನೋಡಿಲ್ವಾ?’

ಹಾರ್ಮೋನಿಯಂ ಮುಟ್ಟಿ ಎಷ್ಟು ವರ್ಷವಾಯಿತೋ. ಕಾಲೇಜು ಸೇರಿದಾಗ ಬಿಟ್ಟದ್ದು. ಆಗಲ್ಲ ಅಂದೆ. ನನಗೆ ಆಫೀಸಿದೆ ಅಂದೆ. ನಿಮ್ಮ ನಾಟಕ ಕಂಡರೆ ನನಗಾಗುವುದಿಲ್ಲ ಅಂತಲೂ ಅಂದೆ. ಅವನು ಒಳಗೆ ಹೋಗಿ ಅಂಗಿ ತೊಟ್ಟು, ತಟ್ಟೆಯಲ್ಲಿ ಎಲೆ ಅಡಿಕೆ ಹಿಡಿದು ಬಂದ. ಅವನ ಹೆಂಡತಿ ಬಾಗಿಲಲ್ಲಿ ನಿಂತಿದ್ದರು. ಎರಡೂ ಕೈಯಲ್ಲಿ, ಬಗ್ಗಿ, ಚಾಚಿದ.

ತೆಗೆದುಕೊಂಡೆ. ಎರಡೂ ಕೈಯಲ್ಲೇ ತೆಗೆದುಕೊಂಡೆ.

ಮನೆಗೆ ಬಂದು ಅಪ್ಪನ ಮುಂದೆ ಇಟ್ಟೆ. ಅವರು ಎಲೆ ನೋಡಿದರು, ನನ್ನನ್ನು ನೋಡಿದರು. ‘ಆಸ್ಪತ್ರೆಗೆ ಯಾವತ್ತು?’ ಅಂದರು.

ಈ ಗಂಡಸರ ಜೊತೆ ಏಗಿ ಏಗಿ ನನಗೆ ಸಾಕಾಗಿದೆ.

ಫೆಬ್ರುವರಿ 13, ಗುರುವಾರ

ಅಡ್ಮಿಟ್ ಮಾಡಿದೆವು. ಹೃದಯದ ಪರೀಕ್ಷೆ ಚೆನ್ನಾಗಿ ಬಂದಿದೆ. ಸಂಜೆ ವಿಜಯಶ್ರೀ ಬಂದರು. ನಾನು ಮಾತಾಡಲು ಬಾಯಿ ತೆರೆಯುವಷ್ಟರಲ್ಲಿ ಅವರು ಕುರ್ಚಿ ಎಳೆದು ಅಪ್ಪನ ಪಕ್ಕ ಕೂತುಬಿಟ್ಟರು.

‘ನೀವೇನಂತೀರ ಮೇಷ್ಟ್ರೇ? ಕತ್ತು ನಿಮ್ದು.’

ಅಪ್ಪ ದಿಂಬಿಗೆ ಒರಗಿದ್ದವರು ನೆಟ್ಟಗೆ ಕೂತರು.

‘ಸ್ಟ್ರೋಕ್ ಹೊಡೆದ್ರೆ ಕೈಯೂ ಹೋಗುತ್ತೆ ಮಾತೂ ಹೋಗುತ್ತೆ ಅಲ್ವಾ ಮೇಡಂ?’

‘ಹೋಗಬಹುದು.’

‘ನೀವು ಕುಯ್ದಾಗ ತಪ್ಪಿದ್ರೆ ಧ್ವನಿ ಒಂದೇ?’

‘ಹೆಚ್ಚಾಗಿ ಅದೊಂದೇ. ಆದ್ರೆ ಸ್ಟ್ರೋಕ್ ಆಗಲ್ಲ ಅಂತ ನಾನು ಭಾಷೆ ಕೊಡಲ್ಲ.’

‘ಭಾಷೆ ಬೇಡ. ಧ್ವನಿ ಹೋದ್ರೂ ಕೈ ಇದ್ರೆ ಪೆಟ್ಟಿಗೆ ಹಾಡುತ್ತೆ. ಎರಡೂ ಹೋದ್ರೆ ನಾನು ಯಾರು ಅಂತಾನೇ ನಂಗೆ ಗೊತ್ತಾಗಲ್ಲ. ಕುಯ್ರಿ.’

ಆಯಮ್ಮ ಹೋದ ಮೇಲೆ ನಾನು ಜಗಳ ತೆಗೆದೆ. ಇಷ್ಟೆಲ್ಲ ಯೋಚನೆ ಮಾಡಿಟ್ಟಿದ್ದರೆ ಮೊದಲೇ ಹೇಳಬಾರದಿತ್ತಾ? ನಾನು ಊರೆಲ್ಲ ಸುತ್ತಿ ಕೂಗಾಡಿದೆನಲ್ಲ!

‘ನನ್ನ ಯಾರು ಕೇಳಿದ್ರಿ?’ ಅಂದರು. ಅಮ್ಮ ಕಿತ್ತಳೆ ಸುಲಿಯುತ್ತಾ ನಕ್ಕಳು. ನಗುವಂಥದ್ದು ಏನಿತ್ತೋ.

ಫೆಬ್ರುವರಿ 14, ಶುಕ್ರವಾರ

ಒಳಗೆ ಕರೆದುಕೊಂಡು ಹೋಗಿದ್ದಾರೆ. ಬರೆಯಲು ಏನೂ ಇಲ್ಲ. ಆನಂದ ಎದುರಿಗೆ ಕೂತು ಕಾಲು ಅಲ್ಲಾಡಿಸುತ್ತಿದ್ದಾನೆ, ಬೆಂಚು ನಡುಗುತ್ತಿದೆ. ನಿಲ್ಲಿಸೋ ಅಂದರೆ ನಿಲ್ಲಿಸುತ್ತಿಲ್ಲ.

ಸಂಜೆ: ಆಯಿತು. ಬಲಗೈ ಎತ್ತಿ ಅಂದರೆ ಎತ್ತಿದರು. ಬೆರಳು ಒಂದೊಂದಾಗಿ ಮಡಚಿ ತೋರಿಸಿದರು. ಬಾತ್ರೂಮಿಗೆ ಹೋಗಿ ಅತ್ತುಬಿಟ್ಟೆ. ಪಕ್ಕದ ಬಾಗಿಲಿನಲ್ಲಿ ಇನ್ನೊಬ್ಬಳು ಯಾರೋ ಅಳುತ್ತಿದ್ದಳು.

ಫೆಬ್ರುವರಿ 15, ಶನಿವಾರ

ಧ್ವನಿ ಇಲ್ಲ.

ಮಾತು ಇದೆ, ಹೇಳಬೇಕಾದದ್ದನ್ನೇ ಹೇಳುತ್ತಾರೆ, ಆದರೆ ಬರುವುದು ಬರೀ ಗಾಳಿ. ಚಕ್ರದ ಟ್ಯೂಬಿನಿಂದ ಗಾಳಿ ಬಿಟ್ಟ ಹಾಗೆ. ನರಕ್ಕೆ ಪೆಟ್ಟಾಗಿದೆ ಅಂತ ವಿಜಯಶ್ರೀ ತಾವೇ ಬಂದು ಹೇಳಿದರು. ಮುಚ್ಚಿಡಲಿಲ್ಲ. ಸುಮಾರು ಜನಕ್ಕೆ ಕೆಲವು ವಾರಗಳಲ್ಲೋ ತಿಂಗಳುಗಳಲ್ಲೋ ಬರುತ್ತದೆ, ಕಾದು ನೋಡಬೇಕು ಅಂದರು. ಅವರ ಮೇಲೆ ಕೂಗಾಡಬೇಕು ಅಂತ ಬಂದ ಬಾಯಿ ಹಾಗೇ ಮುಚ್ಚಿಕೊಂಡಿತು. ಹೇಳದೆ ಮಾಡಿದ್ದಾದರೆ ಕೂಗಾಡಬಹುದಿತ್ತು.

ಆನಂದ ಕಾರಿಡಾರಿನಲ್ಲಿ, ‘ನಾನು ಬಡ್ಕೊಂಡೆ ಅಕ್ಕ. ಸ್ಟೆಂಟ್ ಹಾಕ್ಸಿದ್ರೆ ಇವತ್ತು ಮಾತಾಡ್ಕೊಂಡು ಮನೆಗೆ ಬರೋರು’ ಅಂದ.

‘ಇಲ್ಲಾ ಕೈ ಬಾಯಿ ಎರಡೂ ಬಿದ್ದು ಬರೋರು! ನಿಂಗೆ ಹೆಂಗೋ ಗೊತ್ತು? ನಂಗೆ ಹೆಂಗೋ ಗೊತ್ತು? ಮಾಡದೆ ಬಿಟ್ಟಿದ್ದನ್ನ ಯಾವನು ನೋಡಿದಾನೆ?’

ನರ್ಸ್ ಬಂದು ಶ್ಶ್ ಅಂದಳು. ಅವನ ಕಣ್ಣು ತುಂಬಿತ್ತು. ಆದರೂ ಅವನು ಅಂದದ್ದು ಎದೆಯಲ್ಲಿ ಕೂತಿದೆ. ಈ ಕತ್ತು ಕುಯ್ಯಿಸಲು ಹಟ ಹಿಡಿದವಳು ನಾನೇ.

ಫೆಬ್ರುವರಿ 23, ಭಾನುವಾರ

ಮೊದಲ ತಾಲೀಮು. ಬೇಗ ಹೋಗಿ ಬೇಗ ಬಂದುಬಿಡೋಣ ಅಂತ ಹೋದೆ. ಕಾಲಲ್ಲಿ ತುಳಿಯುವ ಆ ಹಳೇ ಹಾರ್ಮೋನಿಯಂ ಮುಂದೆ ಕೂತಾಗ ಅಷ್ಟೂ ಜನ ನನ್ನ ಮುಖವನ್ನೇ ನೋಡುತ್ತಿದ್ದರು. ಮಂತ್ರಿ ಪಾತ್ರದ ಮರೆಪ್ಪ, ಪೇಂಟಿಂಗ್ ಕಂಟ್ರಾಕ್ಟರ್, ‘ಮೇಡಂ ಆಫೀಸ್ ಥರಾನೇ ಹಾಜರಿ ತಗೋತಾರೇನೋ’ ಅಂತ ಪಿಸುಗುಟ್ಟಿದ. ಕೇಳಿಸಿತು.

ಬೆರಳು ಮರೆತಿರಲಿಲ್ಲ. ಅದಕ್ಕೂ ನನಗೆ ಸಿಟ್ಟೇ ಬಂತು.

ಮುನಿವೆಂಕಟಪ್ಪ ರಾಜ ಅಂತೆ! ಶ್ರುತಿ ಒಂದು ಕಡೆ, ಅವನೊಂದು ಕಡೆ. ಸಿಂಹಾಸನದ ಪದ್ಯವನ್ನು ತರಕಾರಿ ಗಾಡಿಯವನ ಹಾಗೆ ಕೂಗುತ್ತಾನೆ. ಇಂಥವರಿಗೆ ನಲವತ್ತು ವರ್ಷ ಅಪ್ಪ ಹೇಗೆ ಹೇಳಿಕೊಟ್ಟರೋ. ಆರು ಸಲ ಹಾಡಿಸಿದೆ. ಕೊನೆಗೆ ನಾನೇ ಹಾಡಿ ತೋರಿಸಬೇಕಾಯಿತು.

ಮನೆಗೆ ಬಂದರೆ ಅಪ್ಪ ಬಾಗಿಲಲ್ಲೇ ನಿಂತಿದ್ದಾರೆ. ಕತ್ತಿನಲ್ಲಿ ಹೊಲಿಗೆಯ ಗೆರೆ. ಹುಬ್ಬು ಎತ್ತಿ ಕೇಳಿದರು. ‘ಆ ರಾಜನ್ನ ನಾಟಕದಿಂದ ತೆಗೆದು ಹಾಕಿ’ ಅಂದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ಶಬ್ದವೇ ಇಲ್ಲ.

ಮಾರ್ಚ್ 4, ಮಂಗಳವಾರ

ಧ್ವನಿ ಹಾಗೇ ಇದೆ. ನುಂಗಲು ತೊಂದರೆಯಿಲ್ಲ. ವ್ಯಾಯಾಮ ಹೇಳಿಕೊಟ್ಟಿದ್ದಾರೆ, ದಿನಾ ಬೆಳಿಗ್ಗೆ ‘ಆ’ ಅಂತ ಎಳೆಯಬೇಕು. ಗಾಳಿ ಬರುತ್ತದೆ. ಅಮ್ಮ ಅಡುಗೆಮನೆಯಲ್ಲಿ ಮಿಕ್ಸಿ ಹಾಕಿಬಿಡುತ್ತಾಳೆ, ಕೇಳಿಸಿಕೊಳ್ಳಲು ಆಗುವುದಿಲ್ಲವಂತೆ.

ಎರಡನೇ ಅಂಕದ ಕೊನೆಯ ಪದ್ಯಕ್ಕೆ ತಾಳ ಬದಲಿಸಿದರೆ ಹೇಗೆ ಅಂತ ಆಫೀಸಿನಲ್ಲಿ ಕೂತು ಯೋಚಿಸುತ್ತಿದ್ದೆ. ಫೀಸಿನ ರಸೀದಿಯಲ್ಲಿ ಒಬ್ಬ ಹುಡುಗನ ಹೆಸರು ತಪ್ಪಾಗಿ ಬರೆದು ಬೈಸಿಕೊಂಡೆ. ಒಂದಕ್ಷರಕ್ಕೆ ಅಷ್ಟೊಂದು ಮಾತಾಡಬೇಕಿತ್ತಾ ಆ ಸೂಪರಿಂಟೆಂಡೆಂಟು?

ಮಾರ್ಚ್ 9, ಭಾನುವಾರ

ಅಪ್ಪ ತಾಲೀಮಿಗೆ ಬಂದರು. ಗೋಡೌನಿನ ಬಾಗಿಲಲ್ಲಿ ಅವರು ಕಂಡ ಕೂಡಲೇ ಎಲ್ಲ ಎದ್ದು ನಿಂತರು. ಮುನಿವೆಂಕಟಪ್ಪ ತಾನೇ ಚೇರು ತಂದು ಹಾಕಿ, ಟವಲಿನಲ್ಲಿ ಒರೆಸಿದ. ಅಪ್ಪ ಮಾತಾಡಲು ಹೋದರು, ಗಾಳಿ ಬಂತು. ಯಾರಿಗೂ ಎಲ್ಲಿ ನೋಡಬೇಕು ಅಂತ ಗೊತ್ತಾಗಲಿಲ್ಲ. ಮರೆಪ್ಪ ಗೋಡೆಯ ಕ್ಯಾಲೆಂಡರ್ ಓದುತ್ತಾ ನಿಂತ.

ನನಗೆ ಸಹಿಸಲಾಗಲಿಲ್ಲ. ‘ಏನು ಸಂತಾಪ ಸಭೇನಾ ಇದು? ರಾಜ ಎಲ್ಲಿ? ಪದ್ಯ ಹಿಡೀರಿ!’ ಅಂತ ಕೂಗಿದೆ. ಹಿಡಿದರು. ಅಪ್ಪ ಬಲಗೈಯಲ್ಲಿ ತೊಡೆ ತಟ್ಟಿ ತಾಳ ಹಾಕಿದರು. ಆ ಕೈ ಒಂದು ಸಲವೂ ತಪ್ಪಲಿಲ್ಲ. ನಾನು ಪೆಟ್ಟಿಗೆ ಬಾರಿಸುತ್ತಾ ಅದನ್ನೇ ನೋಡುತ್ತಿದ್ದೆ.

ಆಮೇಲೆ ಪೆಟ್ಟಿಗೆಯ ಮುಂದೆ ಅವರನ್ನೇ ಕೂರಿಸಿದೆ. ಅವರು ಬಾರಿಸಿದರು, ನಾನು ಹಾಡಿಕೊಟ್ಟೆ. ಮುನಿವೆಂಕಟಪ್ಪ ಇವತ್ತೂ ಶ್ರುತಿ ಸೇರಲಿಲ್ಲ. ಹಾಗೂ ಹೀಗೂ ಹತ್ತಿರ ಬಂದ.

ಮಾರ್ಚ್ 16, ಭಾನುವಾರ

ಆನಂದ ಹೆಂಡತಿ ಮಕ್ಕಳ ಜೊತೆ ತಾಲೀಮು ನೋಡಲು ಬಂದಿದ್ದ. ಎಲ್ಲರಿಗೂ ಬಜ್ಜಿ ತಂದ. ‘ಅಕ್ಕ, ಒಂದು ಪಾತ್ರ ನಂಗೂ ಕೊಡೇ’ ಅಂದ. ಸೈನಿಕ ಇದೆ, ಬಾಯಿ ಬಿಡುವಂತಿಲ್ಲ ಅಂದೆ. ಒಪ್ಪಿಕೊಂಡ.

ಅಪ್ಪನ ‘ಆ’ದಲ್ಲಿ ಇವತ್ತು ಬೆಳಿಗ್ಗೆ ಏನೋ ಒಂದು ಎಳೆ ಕೇಳಿಸಿದ ಹಾಗಾಯಿತು. ಅಮ್ಮನಿಗೂ ಕೇಳಿಸಿತಾ ಅಂತ ಕೇಳಲಿಲ್ಲ. ಕೇಳಿ, ಇಲ್ಲ ಅಂದುಬಿಟ್ಟರೆ?

ಮಾರ್ಚ್ 23, ಭಾನುವಾರ

ಅವಮಾನ ಅಂದರೆ ಇದು! ಅಕ್ಷರ ಸೊಟ್ಟಗಾದರೂ ಪರವಾಗಿಲ್ಲ, ಬರೆದೇ ಬರೆಯುತ್ತೇನೆ.

ಮುಂದಿನ ಭಾನುವಾರವೇ ಯುಗಾದಿ. ಇವತ್ತು ಪೂರ್ತಿ ನಾಟಕದ ತಾಲೀಮು. ಹೆಂಗಸರು ಮಕ್ಕಳೆಲ್ಲ ನೋಡಲು ಬಂದಿದ್ದರು, ಗೋಡೌನಿನ ಹೊರಗೂ ಜನ. ಅಪ್ಪನಿಗೆ ಸುಸ್ತಾಗಿತ್ತು, ಚೇರಿನಲ್ಲಿ ಒರಗಿ ಕಣ್ಣು ಮುಚ್ಚಿದ್ದರು. ಪೆಟ್ಟಿಗೆಯಲ್ಲಿ ನಾನಿದ್ದೆ. ರಾಜನ ಕೊನೆಯ ಪದ್ಯ ಹಾಡಿಕೊಡುವಾಗ, ಕೊನೆಯ ಸಾಲಿನಲ್ಲಿ ಒಂದು ಸಣ್ಣ ತಿರುವು ಸೇರಿಸಿದೆ. ಚೆನ್ನಾಗಿತ್ತು. ಇಡೀ ವಾರ ಸ್ಕೂಟರಿನಲ್ಲಿ ಗುನುಗಿ ಗುನುಗಿ ಕೂರಿಸಿಕೊಂಡಿದ್ದೆ.

‘ಏಯ್! ನಿಲ್ಸೇ!’

ನಾನು ನಿಲ್ಲಿಸಿದೆ.

‘ಅದ್ಯಾವನೇ ಹೇಳ್ಕೊಟ್ಟಿದ್ದು ಆ ಕೊಂಕು? ರಾಜ ಸಾಯ್ತಾ ಇದಾನೆ, ನೀನು ಮದುವೆ ಮನೆ ಹಾಡು ಹಾಡ್ತೀಯಲ್ಲ! ಕಿವಿ ಇದ್ಯಾ ನಿಂಗೆ?’

ಅಷ್ಟೂ ಜನರ ಮುಂದೆ! ಒಂದು ತಿಂಗಳಿಂದ ಆಫೀಸು, ಮನೆ, ಆಸ್ಪತ್ರೆ, ತಾಲೀಮು ಅಂತ ಸತ್ತು ಸುಣ್ಣವಾದವಳಿಗೆ ಕಿವಿ ಇದ್ಯಾ ಅಂತ! ನಾನೂ ಬಿಡಲಿಲ್ಲ.

‘ಇದೆ! ನಿಮ್ಮ ಹಳೇ ಧಾಟಿಗಿಂತ ಇದೇ ಚೆನ್ನಾಗಿದೆ! ಕೇಳಿ ಬೇಕಾದ್ರೆ ಇವರನ್ನ!’

‘ಇವರನ್ನೇನು ಕೇಳ್ತೀಯ, ಇವರು ಕಾಗೆಗಳು! ಹೊಡಿ ಮತ್ತೆ ಅದೇ ಸಾಲು, ಮೊದಲಿದ್ದ ಹಂಗೆ!’

‘ಹೊಡೆಯಲ್ಲ!’

ಮಾತಿಗೆ ಮಾತು ಬೆಳೆಯಿತು. ಅವರು ಎದ್ದು ನಿಂತಿದ್ದರು, ನಾನೂ ಎದ್ದು ನಿಂತಿದ್ದೆ. ಇನ್ನೇನೋ ಹೇಳಲು ಬಾಯಿ ತೆರೆದವಳು ಸುತ್ತ ನೋಡಿದೆ. ಆನಂದ ಸೈನಿಕನ ವೇಷದಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದ. ಹೊರಗೆ ಚಪ್ಪಲಿಗಳ ಹತ್ತಿರ ಕೂತಿದ್ದ ಅಮ್ಮ ಎದ್ದು ಬಾಗಿಲಿಗೆ ಬಂದಿದ್ದಳು. ಮುನಿವೆಂಕಟಪ್ಪ, ಕಿರೀಟ ಕೈಯಲ್ಲಿ ಹಿಡಿದುಕೊಂಡು, ಮೀಸೆಯ ಮೇಲೆಲ್ಲ ಕಣ್ಣೀರು ಸುರಿಸಿಕೊಂಡು ಒಂದು ಹೆಜ್ಜೆ ಮುಂದೆ ಬಂದ.

‘ನಂಗೂ ಒಸಿ ಬೈರಿ ಮೇಷ್ಟ್ರೇ’ ಅಂದ.

ಅಪ್ಪ ಕತ್ತು ಮುಟ್ಟಿ ನೋಡಿಕೊಂಡರು. ನಾನು ಹೊರಗೆ ಬಂದುಬಿಟ್ಟೆ. ಸ್ಕೂಟರಿನ ಪಕ್ಕ ನಿಂತು ಅತ್ತೆ, ಯಾರು ನೋಡಿದರೂ ನೋಡಲಿ ಅಂತ ಅತ್ತೆ. ಒಳಗಿಂದ ಮುನಿವೆಂಕಟಪ್ಪನಿಗೆ ಬೈಗುಳ ಬೀಳುತ್ತಿದ್ದುದು ರಸ್ತೆಗೆಲ್ಲ ಕೇಳಿಸುತ್ತಿತ್ತು. ಸ್ವಲ್ಪ ಒಡಕಿತ್ತು, ಆದರೆ ಧ್ವನಿ ಅವರದೇ.

ನಾನೇನೂ ಸೋತಿಲ್ಲ. ಆ ತಿರುವು ಅಲ್ಲಿ ಸರಿಯಾಗಿಯೇ ಕೂರುತ್ತದೆ. ಯುಗಾದಿಯ ದಿನ ಸ್ಟೇಜಿನ ಮೇಲೆ ಅದನ್ನೇ ಬಾರಿಸುತ್ತೇನೆ. ಎಷ್ಟು ಜೋರಾಗಿ ಬೈಯುತ್ತಾರೋ ಬೈಯಲಿ, ಮಲ್ಲತ್ತಹಳ್ಳಿ ಕೆರೆಯ ಆಚೆ ದಡಕ್ಕೂ ಕೇಳಲಿ.